ಬಾಲ ಬದಲಾದ ಫೈಲುಗಳಲ್ಲಿ ಏನೇನು ಉಳಿಯಿತು

ಪರಿಚಯದವರ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಫೈಲಿನ ಹೆಸರಿಗೂ ಕೊನೆಗೆ ನಾಲ್ಕಕ್ಷರದ ಹೊಸ ಎಕ್ಸ್‌ಟೆನ್ಶನ್, ಅಂದರೆ ಬಾಲ, ಅಂಟಿಕೊಂಡಿತ್ತು. ಅದನ್ನು ಅಳಿಸಿದರೂ ಫೋಟೋ ತೆರೆಯಲಿಲ್ಲ. ತೆರೆಯುವುದೂ ಇಲ್ಲ, ಒಳಗಿನ ಡೇಟಾನೇ ಕೆಟ್ಟಿರುತ್ತಲ್ವಾ?

ಮೊದಲು ವೈಫೈ ಆಫ್ ಮಾಡಿದೆ. ಫೋಲ್ಡರ್‌ಗಳಲ್ಲೆಲ್ಲ ರೀಡ್‌ಮೀ ಹೆಸರಿನ ಪತ್ರ ಬಿದ್ದಿತ್ತು: 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ 490. ಈ ಅರ್ಧ ಬೆಲೆಯ ಆಮಿಷ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಸ್ಟಾಪ್ ಡಿಜೆವಿಯು ರ‍್ಯಾನ್ಸಮ್‌ವೇರ್‌ನ ಹಳೇ ಚಾಳಿ. ಇದು ಹೆಚ್ಚಾಗಿ ದುಡ್ಡು ಕೊಡದೆ ಬಳಸುವ ಕ್ರ್ಯಾಕ್ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ, ಇಲ್ಲೂ ಹಾಗೇ ಆಗಿತ್ತು.

ಆ ಪತ್ರದ ಕೊನೆಯಲ್ಲಿರುವ ಪರ್ಸನಲ್ ಐಡಿಯನ್ನು ನೋಡಲೇಬೇಕು. ಅದು 'ಟಿ1' ಎಂದು ಮುಗಿದರೆ ಬೀಗ ಹಾಕಿದ್ದು ಆಫ್‌ಲೈನ್ ಕೀಯಿಂದ. ಅಂದರೆ ವೈರಸ್‌ಗೆ ತನ್ನ ಸರ್ವರ್ ಸಿಗದೆ, ಜೊತೆಗೆ ತಂದಿದ್ದ ಕೀಯನ್ನೇ ಬಳಸಿದೆ. ಆ ಕೀ ಗೊತ್ತಾಗಿದ್ದರೆ ಎಂಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿಯವರ ಉಚಿತ ಡಿಕ್ರಿಪ್ಟರ್ ಫೈಲ್ ಬಿಡಿಸಿಕೊಡುತ್ತದೆ. ಇಲ್ಲಿ ಇದ್ದದ್ದು ಆನ್‌ಲೈನ್ ಕೀ, ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ. ಆ ದಾರಿ ಮುಚ್ಚಿತು. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೇ ಪ್ರತಿಗಳನ್ನೂ (ಶ್ಯಾಡೋ ಕಾಪಿ) ವೈರಸ್ ಮೊದಲೇ ಅಳಿಸಿ ಹಾಕಿತ್ತು.

ಆದರೆ ಈ ವೈರಸ್‌ಗೆ ಅವಸರ ಜಾಸ್ತಿ. ಪ್ರತಿ ಫೈಲಿನ ಮೊದಲ 150 ಕೆಬಿಯನ್ನಷ್ಟೇ ಕೀ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ ಮುಂದಿನದಕ್ಕೆ ಓಡುತ್ತದೆ. ದೊಡ್ಡದೊಂದು ಲಾಗ್ ಫೈಲನ್ನು ಒಳಗಿನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕೆಳಗೆ ಸರಿಸುತ್ತಾ ಹೋದೆ. ಬರೀ ಕಸ, ಕಸ, ಆಮೇಲೆ ಒಂದೇ ಸಲಕ್ಕೆ ಅರ್ಧ ವಾಕ್ಯದಿಂದ ಓದಬಹುದಾದ ಅಕ್ಷರ ಶುರು! ಕಟ್ಟಕಡೆಗೆ ಮಾತ್ರ ವೈರಸ್ ಅಂಟಿಸಿದ ಪುಟ್ಟ ಗುರುತು.

ಹಾಗಾಗಿ ದೊಡ್ಡ ಫೈಲುಗಳಿಗೆ ಕೈ ಹಾಕಿದೆ. ಎಂಪಿ3 ಮಟ್ಟಿಗೆ ಬಾಲ ಅಳಿಸುವ ಉಪಾಯವೇ ನಡೆಯಿತು: ಪ್ಲೇಯರ್ ಕೆಟ್ಟ ಭಾಗವನ್ನು ಹಾರಿಸಿ ನುಡಿಸುತ್ತದೆ, 128 ಕೆಬಿಪಿಎಸ್ ಹಾಡಾದರೆ ಶುರುವಿನ ಹತ್ತು ಸೆಕೆಂಡ್ ಹೋಗುತ್ತದೆ ಅಷ್ಟೆ. ಜಿಪ್‌ನೊಳಗಿನ ಫೈಲುಗಳ ಪಟ್ಟಿ ಇರುವುದು ಫೈಲಿನ ಕೊನೆಗೆ. ಅದಕ್ಕೇ ಮೊದಲ ಒಂದೆರಡು ಬಿಟ್ಟು ಉಳಿದವು ಹೊರಬಂದವು. ವಿಡಿಯೊಗಳಿಗೆ, ಅದೇ ಫೋನಿನಲ್ಲಿ ತೆಗೆದ ಸರಿಯಾದ ವಿಡಿಯೊ ಒಂದನ್ನು ಮಾದರಿಯಾಗಿ ಕೊಟ್ಟು ರಿಪೇರಿ ಸಾಫ್ಟ್‌ವೇರ್ ಓಡಿಸಿದೆ. ಕೆಲವು ಸಿಕ್ಕವು, ಕೆಲವು ಇಲ್ಲ. 150 ಕೆಬಿಗಿಂತ ಸಣ್ಣ ವರ್ಡ್, ಎಕ್ಸೆಲ್ ಫೈಲುಗಳ ಆಸೆ ಬಿಟ್ಟೆ. ಮೇಲ್‌ನ ಸೆಂಟ್ ಫೋಲ್ಡರ್‌ನಲ್ಲಿ ಒಂದಷ್ಟು ಹಳೇ ಪ್ರತಿ ಇದ್ದವು.

ಈ ಕೆಲಸವನ್ನೆಲ್ಲ ನಕಲುಗಳ ಮೇಲೇ ಮಾಡಿದ್ದು. ಮೂಲ ಫೈಲು, ಆ ಪತ್ರ, ಆ ಐಡಿ ಇರುವ ಸಿ ಡ್ರೈವ್‌ನ 'ಸಿಸ್ಟಮ್‌ಐಡಿ' ಫೋಲ್ಡರ್ ಮೂರನ್ನೂ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿಟ್ಟು ವಿಂಡೋಸ್ ಹೊಸದಾಗಿ ಹಾಕಿದೆ. ಮುಂದೆ ಯಾವತ್ತಾದರೂ ಕೀ ಹೊರಬಂದರೆ ಬೇಕಾಗುತ್ತದೆ. ಈ ವೈರಸ್ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಬರುವುದೂ ಉಂಟು. ಅದಕ್ಕೆ ಬ್ಯಾಂಕ್, ಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಅವತ್ತೇ ಬದಲಾಯಿಸಲು ಹೇಳಿದೆ.