ಹೊಳವಿಲ್ಲದ ಮಳೆಗೆ ಇಂಗ್ಲಿಷಿನಲ್ಲಿ ಏನಂತಾರೆ?

ತೀರ್ಥಹಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು ಮಳೆಗಾಲದಲ್ಲಿ ನಮ್ಮೂರ ಮಳೆ ಬಗ್ಗೆ ಹತ್ತು ಸಾಲು ಬರೆಸಿದೆ. ಎಲ್ಲರ ಪುಸ್ತಕದಲ್ಲೂ 'ಲಾಂಗ್ ರೇನ್', ಹೆಚ್ಚೆಂದರೆ 'ವೆರಿ ಲಾಂಗ್ ರೇನ್'. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಬೆಳೆದ ಮಕ್ಕಳು. ಮನೆಯಲ್ಲಿ ಜಡಿ, ಸೋನೆ ಅಂತ, ಮಳೆ ನಡುವಿನ ಬಿಡುವಿಗೆ ಹೊಳವು ಅಂತ ಬಗೆಬಗೆಯಾಗಿ ಹೇಳುವವರು ಇಂಗ್ಲಿಷಿಗೆ ಬಂದ ಕೂಡಲೇ ಬಡವರಾಗಿದ್ದು ಕಂಡು ನನಗೆ ಸಂಕಟವಾಯಿತು.

ಸಮಾನಾರ್ಥಕ ಪದಗಳ ಪಟ್ಟಿ ಕೊಟ್ಟೆ. ಮರುವಾರ ಒಬ್ಬ ಹುಡುಗ 'ಕ್ರಾನಿಕ್ ರೇನ್' ಅಂತ ಬರೆದ. ಪಟ್ಟಿ ಬಿಟ್ಟೆ. ಬೇರೆ ಪ್ರಶ್ನೆ ಕೇಳತೊಡಗಿದೆ: ಏನು ನಿಲ್ಲಬೇಕಿತ್ತು? ನಿಲ್ಲದೆ ಯಾರಿಗೆ ಸಾಕಾಯಿತು?

ಒಬ್ಬಳು ಹುಡುಗಿ ಎದ್ದು ಹೇಳಿದಳು: "ಮೇಡಂ, ಅಪ್ಪಯ್ಯ ಮೈಲುತುತ್ತ, ಸುಣ್ಣ ಕಲಸಿ ಡ್ರಮ್ಮಲ್ಲಿ ಇಟ್ಟಿದ್ರು. ಕೊನೆಗಾರನೂ ಬಂದು ಜಗಲಿ ಮೇಲೆ ಕೂತಿದ್ದ. ಸಂಜೆವರೆಗೂ ಹೊಳವಾಗಲೇ ಇಲ್ಲ." ಕೊನೆಗಾರ ಅಂದರೆ ಅಡಿಕೆ ಮರ ಹತ್ತುವವನು, ಡ್ರಮ್ಮಲ್ಲಿದ್ದದ್ದು ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ. ಅದನ್ನು ಕಲಸಿದ ದಿನವೇ ಹೊಡೆಯಬೇಕು, ಗೊನೆ ಒದ್ದೆಯಿದ್ದರೆ ಅಂಟುವುದಿಲ್ಲ, ಹೊಡೆಯದಿದ್ದರೆ ಅಡಿಕೆಗೆ ಕೊಳೆರೋಗ. ಆ ಮಳೆಗೆ 'ಇನ್ಸೆಸೆಂಟ್' ಅಂದೆ, ಅಂದರೆ ನಿಲ್ಲದೇ ಇರುವುದು. ಅದರೊಳಗಿರುವುದು ನಿಲ್ಲಿಸು ಎನ್ನುವ ಲ್ಯಾಟಿನ್ ಧಾತು. ಪೇಪರಿನಲ್ಲಿ ಓದುವ 'ಸೀಸ್‌ಫೈರ್'ನ 'ಸೀಸ್' ಕೂಡ ಅದರದ್ದೇ ಸಂತಾನ. ಹೊಳವಿಗೆ ಪದ ಇದೆಯಾ ಅಂತ ಅವಳೇ ಕೇಳಿದಳು. ಇದೆ, 'ಲೆಟ್-ಅಪ್'. ಮಳೆ ಬಿಡುವು ಕೊಡಲಿಲ್ಲ ಅನ್ನುವುದಕ್ಕೆ 'ದ ರೇನ್ ಡಿಡ್ ನಾಟ್ ಲೆಟ್ ಅಪ್'. ಅವತ್ತು ಪಾಠ ಮುಗಿದ ಮೇಲೂ ಅದನ್ನೇ ಹೇಳಿಕೊಳ್ಳುತ್ತಾ ಹೋದರು.

ಜಗಳ, ವ್ಯಾಜ್ಯ, ಮಾತುಕತೆಗಳಿಗೆ 'ಪ್ರೊಟ್ರ್ಯಾಕ್ಟೆಡ್' ಒಪ್ಪುತ್ತದೆ. ಇದರ ಧಾತುವಿಗೆ ಎಳೆಯುವುದು ಎಂದೇ ಅರ್ಥ, ಗದ್ದೆಯ ಟ್ರ್ಯಾಕ್ಟರೂ ಅದರದ್ದೇ. ನಾವೂ ಕೇಸು ಎಳೀತಾ ಇದೆ ಅನ್ನುತ್ತೇವಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ದಾಟಿಯೂ ಉಳಿದಿದೆ. ಅಂಥ ಮನೆಯ ಮಕ್ಕಳು ತರಗತಿಯಲ್ಲಿದ್ದಾರೆ, ಈ ಪದದ ಭಾರ ಅವರಿಗೆ ನಾನು ವಿವರಿಸಬೇಕಾಗಲಿಲ್ಲ. 'ಪ್ರೊಲಾಂಗ್ಡ್' ಇಷ್ಟು ಕಹಿಯಲ್ಲ. ಔಷಧಿ ಆಯುಸ್ಸನ್ನು 'ಪ್ರೊಲಾಂಗ್' ಮಾಡಬಹುದು, 'ಪ್ರೊಟ್ರ್ಯಾಕ್ಟ್' ಮಾಡಿತು ಅಂದರೆ ಆಯುಸ್ಸೇ ಕಾಟವಾದಂತೆ ಕೇಳುತ್ತದೆ.

'ಲಾಂಗ್-ವಿಂಡೆಡ್' ಮಾತಿಗೆ, ಬರಹಕ್ಕೆ, ಮಾತಾಡುವವರಿಗೆ. ಇಲ್ಲಿ 'ವಿಂಡ್' ಅಂದರೆ ಉಸಿರು. ಯಕ್ಷಗಾನಕ್ಕೆ ಮೊದಲು ವೇದಿಕೆಯಲ್ಲಿ ಒಂದೂವರೆ ತಾಸು ಮಾತಾಡುವ ಅತಿಥಿಗೆ ಸರಿಹೊಂದುತ್ತದೆ. ಆ ಭಾಷಣ ಕೇಳುತ್ತಾ ಕೂತವರ ಪಾಲಿಗೆ ಅದು 'ಇಂಟರ್ಮಿನಬಲ್'. 'ಟರ್ಮಿನಸ್', ಅಂದರೆ ಕೊನೆಯ ನಿಲ್ದಾಣ, ಕಾಣದೇ ಇರುವುದು. ಶಿವಮೊಗ್ಗದಿಂದ ಹೊರಟ ರೈಲಿಗೆ ತಾಳಗುಪ್ಪ ಬರಲೇ ಇಲ್ಲ ಅಂದುಕೊಳ್ಳಿ ಅಂದೆ. ಭಾಷಣ ಮುಗಿದೇ ಮುಗಿಯುತ್ತದೆ, ಆದರೆ ಕೂತವರಿಗೆ ಹಾಗನ್ನಿಸುವುದಿಲ್ಲ. ಗಡಿಯಾರಕ್ಕಿಂತ ಮನಸ್ಸಿನ ಲೆಕ್ಕದ ಪದ ಇದು.

ಇನ್ನು ಆ 'ಕ್ರಾನಿಕ್'. ತೀವ್ರವಾದದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಮೂಲ ಗ್ರೀಕ್ ಪದಕ್ಕೆ ಕಾಲ ಅಂತ ಅರ್ಥ. ಕಾಯಿಲೆಗೆ ಹೇಳಿದರೆ ಬಹುಕಾಲದಿಂದ ಇರುವುದು, ನೋವು ಸಣ್ಣದೇ ಇರಬಹುದು. ಬರೆದ ಹುಡುಗನನ್ನು ಹತ್ತಿರ ಕರೆದು ಇದನ್ನು ಹೇಳಿದೆ. "ಹಾಗಾದ್ರೆ ಅಜ್ಜಿಯ ಮಂಡಿನೋವು ಕ್ರಾನಿಕ್ ಅಲ್ವಾ ಮೇಡಂ?" ಅಂದ. ಹೌದು ಅಂದೆ. ಪುಸ್ತಕ ತೆಗೆದು ಮಳೆಯ ಪಕ್ಕದಲ್ಲಿದ್ದ ಪದ ಹೊಡೆದುಹಾಕಿ, ಕೆಳಗೆ ಅಜ್ಜಿಯ ಬಗ್ಗೆ ಹೊಸ ಸಾಲು ಶುರುಮಾಡಿದ.