ಗೇಟಿನ ತೂಕ ಆಫೀಸಿಗೆ ಬಾರದಿದ್ದಾಗ

ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಪೈಥಾನಿನಲ್ಲಿ ಸಣ್ಣ ವ್ಯವಸ್ಥೆ ಮಾಡಿಕೊಟ್ಟೆ. ಗೇಟಿನ ಕಂಪ್ಯೂಟರ್ ವೇಬ್ರಿಡ್ಜ್‌ನಿಂದ ಭತ್ತದ ಲಾರಿಯ ತೂಕ ಓದುತ್ತದೆ, ಆಫೀಸಿನದು ಅದನ್ನು ಕೇಳಿ ಪಡೆದು ಬಿಲ್ ಹಾಕುತ್ತದೆ. ನಡುವಿನ ಮಾತುಕತೆಗೆ ಪೈರೋ5, ಅಂದರೆ ಒಂದು ಯಂತ್ರದ ಪೈಥಾನ್ ಪ್ರೋಗ್ರಾಮನ್ನು ಇನ್ನೊಂದು ಯಂತ್ರದಿಂದ ಕರೆಯಲು ಬಿಡುವ ಲೈಬ್ರರಿ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸಲೀಸಾಗಿ ಓಡಿತ್ತು. ಗಿರಣಿಯಲ್ಲಿ ಎರಡು ಯಂತ್ರಕ್ಕೆ ಹಂಚಿದ್ದೇ ತಡ, ಗುಮಾಸ್ತರು ಕರೆದರು: "ಸರ, ಗೇಟಿನ ತೂಕ ಬರವಲ್ದು." ಪರದೆಯ ಮೇಲೆ ನೇಮ್ ಸರ್ವರ್ (ಯಾವ ಪ್ರೋಗ್ರಾಮ್ ಎಲ್ಲಿದೆ ಎಂದು ಹೇಳುವ ಪೈರೋದ ಭಾಗ) ಸಿಗಲಿಲ್ಲವೆಂಬ ಎರರ್.

ಮೊದಲು ಗೇಟಿನ ಯಂತ್ರದಲ್ಲಿ ಯಾವ ಪೋರ್ಟ್ ತೆರೆದಿದೆ ನೋಡಿದೆ. 127.0.0.1:9090 ಅಂತಿತ್ತು. ಅಂದರೆ ನೇಮ್ ಸರ್ವರ್ ತನ್ನ ಯಂತ್ರಕ್ಕೆ ಮಾತ್ರ ಓಗೊಡುತ್ತಿದೆ. ಬೇರೆ ಹೇಳದಿದ್ದರೆ ಪೈರೋ ಹೊರಗಿನವರಿಗೆ ಬಾಗಿಲು ತೆರೆಯದೆ ಲೋಕಲ್‌ಹೋಸ್ಟ್‌ನಲ್ಲೇ (127.0.0.1, ಅಂದರೆ ಅದೇ ಯಂತ್ರ) ಕೂರುವುದು ಸುರಕ್ಷತೆಗಾಗಿ. ಹಾಗೆ ಕೂತಾಗ, ‘ನೇಮ್ ಸರ್ವರ್ ಎಲ್ಲಿ?’ ಎಂದು ನೆಟ್‌ವರ್ಕಿಗೆಲ್ಲ ಕೂಗುವವರಿಗೆ ಉತ್ತರಿಸುವ, 9091ನೇ ಯುಡಿಪಿ ಪೋರ್ಟಿನ ಬ್ರಾಡ್‌ಕಾಸ್ಟ್ ಸರ್ವರ್ ಕೂಡ ಏಳುವುದಿಲ್ಲ; ಆಫೀಸಿನವರು ಎಷ್ಟು ಕೂಗಿದರೂ ಉತ್ತರವಿಲ್ಲ. ಗೇಟಿನ ಯಂತ್ರಕ್ಕೆ ರೂಟರಿನಲ್ಲಿ ಕಾಯಂ ಐಪಿ ಕೊಟ್ಟು, ನೇಮ್ ಸರ್ವರನ್ನು ಆ ಐಪಿಯಲ್ಲೇ ಶುರುಮಾಡಿದೆ.

ಬ್ರಾಡ್‌ಕಾಸ್ಟನ್ನು ನಾನು ನಂಬಲಿಲ್ಲ. ಅದು ರೂಟರ್ ದಾಟುವುದಿಲ್ಲ, ಗೋದಾಮಿಗೆ ಬೇರೆ ರೂಟರ್ ಇದೆ. ತೂಕ ಕೇಳುವ ಆಫೀಸಿನ ಪ್ರೋಗ್ರಾಮಿನಲ್ಲಿ ಐಪಿಯನ್ನೂ 9090 ಪೋರ್ಟನ್ನೂ ನೇರವಾಗಿ ಬರೆದೆ. ನೇಮ್ ಸರ್ವರ್ ಸಿಕ್ಕಿತು, ಹೆಸರುಗಳ ಪಟ್ಟಿಯೂ ಬಂತು. ತೂಕ ಕೇಳಿದರೆ ಮಾತ್ರ ‘ಕನೆಕ್ಷನ್ ರೆಫ್ಯೂಸ್ಡ್’ (ಸಂಪರ್ಕ ನಿರಾಕರಣೆ)!

ಎಷ್ಟೋ ಜನ ಇಲ್ಲಿ ಮತ್ತೆ ನೇಮ್ ಸರ್ವರನ್ನೇ ಕೆದಕುತ್ತಾರೆ. ನೋಡಬೇಕಾದದ್ದು ಅದು ಕೊಟ್ಟ ವಿಳಾಸವನ್ನು. ನೇಮ್ ಸರ್ವರ್ ಫೋನ್ ಡೈರೆಕ್ಟರಿ ಇದ್ದಂತೆ, ನಂಬರ್ ಹೇಳುತ್ತದೆ ಅಷ್ಟೆ. ತೂಕದ ಪ್ರೋಗ್ರಾಮ್ ಅದರಲ್ಲಿ ನೋಂದಾಯಿಸಿದ ಯುಆರ್‌ಐ (ವಿಳಾಸ) ಮುದ್ರಿಸಿ ನೋಡಿದರೆ ಅದರಲ್ಲಿ ‘ಲೋಕಲ್‌ಹೋಸ್ಟ್’! ಆಫೀಸಿನ ಕಂಪ್ಯೂಟರ್ ತನ್ನ ಮನೆಬಾಗಿಲನ್ನೇ ತಟ್ಟುತ್ತಿತ್ತು. ತೂಕ ಕೊಡುವ ಪ್ರೋಗ್ರಾಮಿನ ಡೀಮನ್‌ಗೂ (ಕರೆಗಳಿಗೆ ಕಾದು ಉತ್ತರಿಸುವ ಭಾಗ) ಗೇಟಿನ ಐಪಿ ಕೊಟ್ಟೆ. ಡೀಮನ್ ಸುಮ್ಮನೆ ಬಿಟ್ಟರೆ ಪ್ರತಿ ಸಲ ಬೇರೆ ಪೋರ್ಟ್ ಹಿಡಿಯುತ್ತದೆ, ಫೈರ್‌ವಾಲ್‌ನಲ್ಲಿ ಯಾವುದನ್ನು ತೆರೆಯುವುದು? ಪೋರ್ಟನ್ನೂ ಒಂದೇ ಸಂಖ್ಯೆಗೆ ಕಟ್ಟಿಹಾಕಿದೆ. ಐಪಿ ಬದಲು ಯಂತ್ರದ ಹೆಸರು ಕೊಡೋಣವೆಂದರೆ, ಉಬುಂಟುವಿನಲ್ಲಿ ಹೆಸರು-ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲು ಆ ಹೆಸರನ್ನು 127.0.1.1ಕ್ಕೆ ಕಟ್ಟಿರುತ್ತದೆ, ಇದೂ ಯಂತ್ರದೊಳಗಿನದೇ ವಿಳಾಸ. ಮತ್ತದೇ ರಗಳೆ.

ಉಳಿದದ್ದು ಕರೆಂಟಿನ ಕಾಟ. ಬೇರೆ ಹೇಳದಿದ್ದರೆ ನೇಮ್ ಸರ್ವರ್ ಹೆಸರುಗಳನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವುದರಿಂದ ಯಂತ್ರ ಆರಿದರೆ ಪಟ್ಟಿ ಖಾಲಿ. ಎಸ್‌ಕ್ಯುಎಲ್ ಡೇಟಾಬೇಸ್ ಫೈಲಿನಲ್ಲಿ ಉಳಿಸುವ ಆಯ್ಕೆಯಿದೆ. ನಾನು ಮಾತ್ರ ತೂಕದ ಪ್ರೋಗ್ರಾಮ್ ಎದ್ದ ಕೂಡಲೇ ನೇಮ್ ಸರ್ವರ್ ಸಿಗುವವರೆಗೆ ಕಾದು, ಮತ್ತೆ ನೋಂದಾಯಿಸಿಕೊಳ್ಳುವಂತೆ ಬರೆದಿಟ್ಟೆ.