ಎಂಟು ಸಲ ಅದ್ದಿದ ನೀಲಿ

ಪುಣೆಯ ಪೇಠೆಗಳಲ್ಲಿ ‘ನೀಳ’ ಕೇಳಿದರೆ ಬಿಳಿ ಬಟ್ಟೆಗೆ ಹಾಕುವ ನೀಲಿ ಕೊಡುತ್ತಾರೆ, ಮೆಹಂದಿ ಅಂಗಡಿಯಲ್ಲಾದರೆ ಕೂದಲಿಗೆ ಹಚ್ಚುವ ಹಸಿರು ಪುಡಿ. ಹತ್ತಿಬಟ್ಟೆಗೆ ನೀಲಿ ಬಣ್ಣ ಹಾಕಲು ನಮಗೆ ಎರಡೂ ಬೇಡ. ಪುಡಿ ಎಂದರೆ ನೀಲಿ ಗಿಡದ ಬರೀ ಒಣಗಿದ ಎಲೆ. ಬೇಕಾದದ್ದು ಎಲೆ ನೆನೆಹಾಕಿ, ಆ ನೀರು ಕಡೆದು ತೆಗೆದ ಬಣ್ಣದ ಬಿಲ್ಲೆ.

10 ಲೀಟರ್ ನೀರಿಗೆ ನಾನು ಹಾಕುವುದು ಬಿಲ್ಲೆ 40 ಗ್ರಾಂ, ಒಣ ಸುಣ್ಣದ ಪುಡಿ 80 ಗ್ರಾಂ, ಕಪ್ಪು ಬೆಲ್ಲ 200 ಗ್ರಾಂ. ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಆದರೆ 120 ಸಾಕು. ಬೆಲ್ಲದ ಸಕ್ಕರೆಯಲ್ಲಿ ಹೆಚ್ಚಿನ ಪಾಲು ನೀಲಿಯನ್ನು ಕರಗುವಂತೆ ಮಾಡುವ ಈ ಕೆಲಸಕ್ಕೆ ಬಾರದು. ಎಲೆಅಡಿಕೆಯ ಸುಣ್ಣದಲ್ಲಿ ನೀರಿರುತ್ತದೆ, ತೂಕ ತಪ್ಪುತ್ತದೆ. ಬಿಲ್ಲೆಯನ್ನು ನೀರು ಚಿಮುಕಿಸಿ ಗಂಧದ ಹಾಗೆ ಅರೆದು, ಬಿಸಿ ಬೆಲ್ಲದ ನೀರಿಗೆ ಸೇರಿಸಿ, ಕೊನೆಗೆ ಸುಣ್ಣ. ಕೈಗವಸು ಬೇಕೇ ಬೇಕು. ಬಕೆಟ್ಟಿಗೆ ಕಂಬಳಿ ಸುತ್ತಿ ರಾತ್ರಿಯಿಡೀ ಬಿಡುತ್ತೇನೆ. ಜುಲೈನ ಥಂಡಿಯಲ್ಲಿ ಎರಡು ದಿನವೂ ಹಿಡಿಯುತ್ತದೆ.

ಬೆಳಿಗ್ಗೆ ಮೇಲೆ ತಾಮ್ರದ ಹೊಳಪಿನ ಕೆನೆ, ಅದನ್ನು ಸರಿಸಿದರೆ ಕೆಳಗೆ ಹಳದಿ-ಹಸಿರು ನೀರು: ಬಾನಿ, ಅಂದರೆ ಬಟ್ಟೆ ಅದ್ದುವ ಬಣ್ಣದ ನೀರು, ಸಿದ್ಧ. ನೀರೇ ನೀಲಿಯಾಗಿದ್ದರೆ ಇನ್ನೂ ಬೆಲ್ಲ ಬೇಕು. ಬಿಳಿಚಿ ಕದಡಿದ್ದರೆ ಸುಣ್ಣ ಸಾಲದು. ಕಲಕಿದ ಮೇಲೆ ಒಂದು ಗಂಟೆ ತಳ ಕೂರಲಿ, ಅವಸರಪಟ್ಟರೆ ಬಟ್ಟೆ ಮೇಲೆ ಸುಣ್ಣದ ಬಿಳಿ ಚುಕ್ಕೆ.

ಒದ್ದೆ ಹತ್ತಿಬಟ್ಟೆಯನ್ನು ಗುಳ್ಳೆ ಏಳದಂತೆ ಇಳಿಸಿ, ಐದು ನಿಮಿಷ ಬಿಟ್ಟು, ನೀರೊಳಗೇ ಹಿಂಡಿ ತೆಗೆಯಬೇಕು. ಹೊರಬಂದಾಗ ಎಳೆ ಬಾಳೆಲೆಯ ಹಸಿರು. ಗಾಳಿ ತಾಗಿದಂತೆ ಅಂಚಿನಿಂದ ನೀಲಿ ಹರಡುತ್ತದೆ. 20 ನಿಮಿಷ ಆರಿಸಿ ಮತ್ತೆ ಅದ್ದು. ಒಂದೆರಡು ಸಲಕ್ಕೆ ಇಲ್ಲಿನವರು ಆಸ್ಮಾನಿ ಎನ್ನುವ ಬಣ್ಣ. ಪಾರಸಿಯ ಆಸ್ಮಾನ್, ಆಕಾಶ. ಎಂಟು ದಾಟಿದರೆ ಕಪ್ಪೋ ನೀಲಿಯೋ ಹೇಳಲಾಗದು. ಸಂಸ್ಕೃತದ ‘ನೀಲ’ಕ್ಕೆ ಕಡುನೀಲಿ, ಕಪ್ಪು ಎರಡೂ ಅರ್ಥ ಯಾಕಿವೆ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಬಟ್ಟೆಯನ್ನೇ. ಅದೇ ನೀಲ ಪಾರಸಿ, ಅರಬ್ಬಿಗಳನ್ನು ಹಾದು ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಯಿತು. ‘ಅನಿಲಿನ್’ ಹುಟ್ಟಿದ್ದು ಅಲ್ಲಿಂದ: 1840ರಲ್ಲಿ ರಸಾಯನಶಾಸ್ತ್ರಜ್ಞ ಫ್ರಿಟ್ಶೆ ನೀಲಿಯನ್ನು ಕ್ಷಾರದೊಂದಿಗೆ ಕಾಯಿಸಿ ಪಡೆದ ದ್ರವಕ್ಕೆ ಇಟ್ಟ ಹೆಸರು. ನಮ್ಮ ವಾಯು ಅನಿಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಾನಿಯನ್ನು ಗಟ್ಟಿ ಮಾಡಿಕೊಂಡು ಎರಡೇ ಸಲದಲ್ಲಿ ಕಡುನೀಲಿ ತೆಗೆಯುವ ಆಸೆ ಬೇಡ, ಬಣ್ಣ ಮೇಲ್ಮೇಲೆ ಕೂತು ಕೈಗೆ ಹತ್ತುತ್ತದೆ. ಪೂರ್ತಿ ಒಣಗಿದ ಮೇಲೆ ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿದ ನೀರಲ್ಲಿ ಜಾಲಿಸಿ, ಬಿಳಿ ಚಿಂದಿಯಿಂದ ಉಜ್ಜಿ ನೋಡುತ್ತೇನೆ. ಚಿಂದಿ ನೀಲಿಯಾದರೆ ಸೋಪಿನ ಬಿಸಿನೀರಲ್ಲಿ ಇನ್ನೊಮ್ಮೆ ಜಾಲಿಸುತ್ತೇನೆ.